ಶಿಫ್ಟ್ ಅಂದರೆ ಎಷ್ಟು ಅರ್ಥ?



ಹೊಸೂರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯದಿದ್ದರೂ 'ಶಿಫ್ಟ್' ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಮನೆ ಭೇಟಿಗೆ ಹೊರಡುವ ಮುನ್ನ ನಾವೂ ಮೊದಲು ಕೇಳುವುದು "ಈ ವಾರ ಯಾವ ಶಿಫ್ಟು?" ಎಂದೇ.

ಪದ ಒಂದೇ, ಅದರಿಂದ ನಾವು ಮಾಡಿಸುವ ಕೆಲಸ ಹಲವು. ಬಾಡಿಗೆ ಮನೆ ಬದಲಿಸಿದವರು 'ಶಿಫ್ಟ್ ಆದೆವು' ಎನ್ನುತ್ತಾರೆ. ಕಾಯಿಲೆಯವರನ್ನು ಬೆಂಗಳೂರಿಗೆ 'ಶಿಫ್ಟ್ ಮಾಡಿದರು' ಎಂದು ಫೋನು ಬಂದರೆ ಎದೆ ಝಲ್ಲೆನ್ನುತ್ತದೆ. ಕಂಪ್ಯೂಟರಿನಲ್ಲೂ ಆ ಹೆಸರಿನ ಕೀಲಿಯಿದೆ. 1878ರ ರೆಮಿಂಗ್ಟನ್ ಟೈಪ್‌ರೈಟರಿನಲ್ಲಿ ಅದನ್ನು ಒತ್ತಿದರೆ ಕಾಗದ ಹಿಡಿದ ಭಾಗವೇ ಸರಿದು, ಚಿಕ್ಕ ಅಕ್ಷರದ ಬದಲು ದೊಡ್ಡಕ್ಷರ ಬೀಳುತ್ತಿತ್ತು. ಈಗ ಏನೂ ಸರಿಯುವುದಿಲ್ಲ, ಹೆಸರು ಮಾತ್ರ ಉಳಿದಿದೆ. ನಮ್ಮ 'ನುಡಿ'ಯಲ್ಲಿ ಅದನ್ನೊತ್ತಿದರೆ 'ಕ' ಹೋಗಿ 'ಖ' ಬರುತ್ತದೆ!

ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಹಂಚು, ಭಾಗಮಾಡು, ಹೊಂದಿಸು ಎಂಬ ಅರ್ಥಗಳಿದ್ದವು. ಸರಿಸುವ, ಬದಲಿಸುವ ಅರ್ಥ ಆಮೇಲೆ ಬಂದದ್ದು. ಬದಲಿಸಿ ತೊಡುವ ಒಳಅಂಗಿಗೂ ಒಂದು ಕಾಲದಲ್ಲಿ ಇದೇ ಹೆಸರಿತ್ತು. ಕೆಲಸದ ಶಿಫ್ಟಿಗೆ ಕನ್ನಡದಲ್ಲಿ 'ಪಾಳಿ' ಇದೆ, 'ಸರದಿ' ಇದೆ. ಪಾಳಿ ಎಂಬುದೇನೂ ಕಾರ್ಖಾನೆ ತಂದ ಸಂಗತಿಯಲ್ಲ. ಜೆರುಸಲೇಮಿನ ಯಾಜಕರು 24 ವರ್ಗಗಳಾಗಿ ಸರದಿಯಂತೆ ಸೇವೆ ಮಾಡುತ್ತಿದ್ದರು. ಜಕರೀಯನಿಗೆ ದೇವದೂತ ಕಾಣಿಸಿಕೊಂಡದ್ದು ಅವನ ವರ್ಗದ ಸರದಿಯಲ್ಲೇ ಎಂದು ಲೂಕನ ಶುಭಸಂದೇಶದ ಮೊದಲ ಅಧ್ಯಾಯ ಹೇಳುತ್ತದೆ.

ನಮ್ಮೂರಿನ ಪಾಳಿಗೆ ಮಾತ್ರ ಅಷ್ಟು ವಯಸ್ಸಾಗಿಲ್ಲ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂತು. 1980ರ ದಶಕದಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಬಂದವು. ಮಳೆ ಬೆಳೆ ನೋಡಿ ದಿನ ಲೆಕ್ಕ ಹಾಕುತ್ತಿದ್ದ ಮನೆಗಳಲ್ಲಿ ಸೈರನ್ನು, ಕಂಪನಿ ಬಸ್ಸಿನ ಹೊತ್ತು ನೋಡುವುದು ಶುರುವಾಯಿತು. ಕೂಲಿ ಸಂಬಳವಾಯಿತು, ಮಕ್ಕಳು ಓದಿದರು. ಅದನ್ನು ಮರೆತು ಶಿಫ್ಟನ್ನು ಬೈಯುವುದು ನ್ಯಾಯವಲ್ಲ.

ಆದರೂ ಗಂಡ ಬೆಳಗಿನ ಪಾಳಿ, ಹೆಂಡತಿ ಮಧ್ಯಾಹ್ನದ ಪಾಳಿ ಇರುವ ಮನೆಯನ್ನು ನೋಡಿ. ಅವರು ಬರುವ ಹೊತ್ತಿಗೆ ಇವರು ಹೊರಟಿರುತ್ತಾರೆ. ಬೀಗದ ಕೈ ಪಕ್ಕದ ಮನೆ ಅಜ್ಜಿಯ ಹತ್ತಿರ, ಸಾರು ಒಲೆಯ ಮೇಲೆ, ಮಗುವಿನ ಲೆಕ್ಕದ ಪುಸ್ತಕ ಸಹಿಗೆಂದು ಟಿ.ವಿ. ಮೇಲೆ. ರಾತ್ರಿ ಪಾಳಿಯಾದರೆ ಹಗಲೆಲ್ಲ "ಶ್! ಅಪ್ಪ ಮಲಗಿದ್ದಾರೆ." ಜಗಳವಾಡುವುದಕ್ಕೂ ಇಬ್ಬರೂ ಒಟ್ಟಿಗೆ ಸಿಕ್ಕಬೇಕಲ್ಲ! ಸಿಟ್ಟು ವಾರಗಟ್ಟಲೆ ಒಳಗೇ ಉಳಿಯುತ್ತದೆ. ಭಾನುವಾರ ಓವರ್‌ಟೈಮ್ ಬಿದ್ದರೆ ಆ ಒಂದು ದಿನವೂ ಹೋಯಿತು.

ಇಂಥ ಮನೆಗೆ ಹೋಗಿ, ದಿನಾ ಸಂಜೆ ಏಳಕ್ಕೆ ಎಲ್ಲರೂ ಕೂಡಿ ಜಪಸರ ಮಾಡಿ ಎಂದರೆ ಅವರು ಗೌರವಕ್ಕೆ ತಲೆಯಾಡಿಸಿಯಾರು, ಅಷ್ಟೆ. ಏಳು ಗಂಟೆಯನ್ನೇ ಹಿಡಿದುಕೊಳ್ಳುವುದು ಏಕೆ? ಒಬ್ಬರು ಚಪ್ಪಲಿ ಕಳಚುವಾಗ ಇನ್ನೊಬ್ಬರು ಚಪ್ಪಲಿ ಹಾಕುವ ಹತ್ತು ನಿಮಿಷದಲ್ಲೇ ಬಾಗಿಲ ಬಳಿ ನಿಂತು ಒಂದು 'ನಮೋ ಮರಿಯ' ಹೇಳಿ, ಕಾಫಿ ಹಂಚಿಕೊಂಡು ಹೊರಡುವ ಮನೆಗಳಿವೆ. ಪಾಳಿ ಬದಲಾದರೆ ಆ ಗಳಿಗೆಯೂ ಬದಲಾಗುತ್ತದೆ. ಅದಕ್ಕೇ ಇಬ್ಬರ ಶಿಫ್ಟನ್ನೂ ಒಂದೇ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುತ್ತಾರೆ.