ಎಚ್ಚರವೆಂಬ ಸಾಲ

ಅಂಗೈಯಲ್ಲಿ ಅಡಗುವ ಒಂದು ಪುಟ್ಟ ಬಾಟಲಿ. ಒಳಗಿರುವುದು ಸುಮಾರು 57 ಮಿಲಿಲೀಟರ್ ದ್ರವ. ಎರಡು ಗುಟುಕಿಗೆ ಮುಗಿದು ಹೋಗುವ ಈ ದ್ರವವನ್ನು ಕುಡಿದರೆ ಗಂಟೆಗಟ್ಟಲೆ ಆಯಾಸವು ಬಳಿ ಸುಳಿಯದು ಎಂಬುದು ಅದನ್ನು ಮಾರುವವರ ಭರವಸೆ. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಫೈವ್ ಅವರ್ ಎನರ್ಜಿ’ ಎಂಬ ಎನರ್ಜಿ ಶಾಟ್ ಕೆಲವೇ ವರ್ಷಗಳಲ್ಲಿ ಅಲ್ಲಿನ ಪೆಟ್ರೋಲ್ ಬಂಕ್ ಮತ್ತು ದಿನಸಿ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಾಯಂ ಜಾಗ ಗಿಟ್ಟಿಸಿಕೊಂಡಿತು. ಅದರ ಸ್ಥಾಪಕ ಮನೋಜ್ ಭಾರ್ಗವ ಲಕ್ನೋದಲ್ಲಿ ಹುಟ್ಟಿದವರು.

ಇದರ ಆಕರ್ಷಣೆ ಏನೆಂಬುದನ್ನು ಊಹಿಸುವುದು ಕಷ್ಟವಲ್ಲ. ದೊಡ್ಡ ಡಬ್ಬಿಯ ಭಾರವಿಲ್ಲ, ಸಕ್ಕರೆಯ ಭಯವಿಲ್ಲ, ತಣ್ಣಗಿಡಬೇಕಾದ ಅಗತ್ಯವೂ ಇಲ್ಲ. ನೋಡಲು ಪಾನೀಯಕ್ಕಿಂತ ಔಷಧಿಯಂತೆ ಕಾಣುತ್ತದೆ. ಮಧ್ಯಾಹ್ನ ಎರಡೂವರೆಗೆ ಕಣ್ಣು ಮುಚ್ಚುವ ನೌಕರ, ರಾತ್ರಿಪಾಳಿಯ ಕಾರ್ಮಿಕ, ದೂರ ಪ್ರಯಾಣದ ಲಾರಿ ಚಾಲಕ, ಪರೀಕ್ಷೆಯ ಮುನ್ನಾದಿನದ ವಿದ್ಯಾರ್ಥಿ ಇವರೆಲ್ಲರಿಗೂ ನಿದ್ದೆಗೆ ಬದಲಾಗಿ ಒಂದು ಬಾಟಲಿ ಸಿಕ್ಕಿತು.

ಆದರೆ ಆ ಬಾಟಲಿಯೊಳಗೆ ಇರುವುದಾದರೂ ಏನು? ವಿಪರ್ಯಾಸವೆಂದರೆ ‘ಎನರ್ಜಿ’ ಎಂಬ ಹೆಸರು ಹೊತ್ತ ಈ ಶಾಟ್‌ನಲ್ಲಿರುವುದು ಕೇವಲ 4 ಕ್ಯಾಲೊರಿ. ಒಂದು ಇಡ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಕೊಡುತ್ತದೆ. ಪಟ್ಟಿಯಲ್ಲಿ ಬಿ6, ಬಿ12, ನಯಾಸಿನ್ ಮುಂತಾದ ವಿಟಮಿನ್‌ಗಳಿವೆ, ಟಾರಿನ್ ಇದೆ. ಎಚ್ಚರ ತರುವುದು ಮಾತ್ರ ಕೆಫೀನ್. ಒಂದು ಶಾಟ್‌ನಲ್ಲಿ ಅದು ಸುಮಾರು 200 ಮಿಲಿಗ್ರಾಂ. ಒಂದು ಲೋಟ ಚಹಾದಲ್ಲಿ ಇರುವುದು ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ. ವಿಟಮಿನ್ ಕೊರತೆ ಇಲ್ಲದವರಿಗೆ ಹೆಚ್ಚುವರಿ ವಿಟಮಿನ್ ಹೊಸ ಚೈತನ್ಯವನ್ನೇನೂ ತುಂಬುವುದಿಲ್ಲ. ವಿಟಮಿನ್‌ಗಳು ಸೇರಿರುವುದರಿಂದ ಇದು ಬರೀ ಕೆಫೀನಿಗಿಂತ ಮೇಲು ಎಂಬಂತಹ ಜಾಹೀರಾತುಗಳು ಜನರನ್ನು ದಾರಿತಪ್ಪಿಸುವಂಥವು ಎಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿತು. ಮರುವರ್ಷ ದಂಡ ಮತ್ತು ವೆಚ್ಚ ಸೇರಿ 40 ಲಕ್ಷ ಡಾಲರ್‌ಗೂ ಹೆಚ್ಚು ಮೊತ್ತವನ್ನು ತೆರುವಂತೆ ಆದೇಶಿಸಿತು.

ಕೆಫೀನ್ ದೇಹಕ್ಕೆ ಶಕ್ತಿ ಕೊಡುವುದಿಲ್ಲ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತದೆ. ‘ಇನ್ನು ಸಾಕು, ವಿಶ್ರಾಂತಿ ಬೇಕು’ ಎಂದು ಮಿದುಳಿಗೆ ತಿಳಿಸುವ ದೂತ ಅದು. ಕೆಫೀನ್ ಹೋಗಿ ಆ ದೂತ ಬರುವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಆಯಾಸ ಹೋಗಿರುವುದಿಲ್ಲ, ಅದರ ಸುದ್ದಿ ಮಾತ್ರ ತಲುಪಿರುವುದಿಲ್ಲ. ದೇಹಕ್ಕೆ ಸೇರಿದ ಕೆಫೀನಿನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು. ಸಂಜೆ ಆರಕ್ಕೆ ಒಂದು ಶಾಟ್ ಕುಡಿದವನ ದೇಹದಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಲೋಟ ಕಾಫಿಯಷ್ಟು ಕೆಫೀನ್ ಉಳಿದಿರುತ್ತದೆ. ಆ ರಾತ್ರಿಯ ನಿದ್ದೆ ಕೆಡುತ್ತದೆ. ಮರುದಿನ ಇನ್ನೊಂದು ಬಾಟಲಿ ಬೇಕಾಗುತ್ತದೆ. ಬಡ್ಡಿ ತೀರಿಸಲು ಹೊಸ ಸಾಲ ಎತ್ತಿದಂತೆ!

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಸಾಮಾನ್ಯವಾಗಿ ಅಪಾಯಕಾರಿಯಲ್ಲವೆಂದು ಅಮೆರಿಕ ಮತ್ತು ಯುರೋಪಿನ ಆಹಾರ ಸಂಸ್ಥೆಗಳು ಹೇಳುತ್ತವೆ. ಎರಡು ಶಾಟ್‌ಗಳಿಗೇ ಆ ಮಿತಿ ಮುಗಿಯುತ್ತದೆ. ಅದರ ಮೇಲೆ ಕುಡಿಯುವ ಚಹಾ, ಕಾಫಿಗಳ ಲೆಕ್ಕ ಬೇರೆ. ಎದೆ ಬಡಿತದ ಏರುಪೇರು, ರಕ್ತದೊತ್ತಡದ ಏರಿಕೆ, ನಡುಕ, ಕಳವಳ, ನಿದ್ರಾಹೀನತೆ ಅತಿಯಾದ ಸೇವನೆಯ ಫಲಗಳು. ಹೃದಯದ ತೊಂದರೆಯುಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ಫೈವ್ ಅವರ್ ಎನರ್ಜಿಯ ಹೆಸರಿದ್ದ 13 ಸಾವುಗಳ ದೂರುಗಳು ನಾಲ್ಕು ವರ್ಷಗಳಲ್ಲಿ ಅಮೆರಿಕ ಸರಕಾರಕ್ಕೆ ತಲುಪಿದ್ದವೆಂಬುದು 2012ರಲ್ಲಿ ಬಹಿರಂಗವಾಯಿತು. ದೂರು ಬಂದ ಮಾತ್ರಕ್ಕೆ ಸಾವಿಗೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ. ಕಂಪೆನಿಯೂ ಆರೋಪವನ್ನು ಒಪ್ಪಲಿಲ್ಲ. ಆದರೆ ಎಚ್ಚರಿಕೆಯ ಗಂಟೆಯಾಗಿ ಅಷ್ಟು ಸಾಲದೇ?

ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರವು 2016ರಲ್ಲಿ ಕೆಫೀನ್‌ಯುಕ್ತ ಪಾನೀಯಗಳಿಗೆ ಮಾನದಂಡ ರೂಪಿಸಿ, ಲೀಟರಿಗೆ ಗರಿಷ್ಠ 300 ಮಿಲಿಗ್ರಾಂ ಕೆಫೀನ್ ಎಂದು ನಿಗದಿಪಡಿಸಿತು. ಅಮೆರಿಕದ ಶಾಟ್‌ನ ಸಾಂದ್ರತೆ ಇದರ ಹತ್ತು ಪಟ್ಟಿಗಿಂತಲೂ ಹೆಚ್ಚು. ಅಲ್ಲಿ ಅದನ್ನು ಪಾನೀಯವೆಂದಲ್ಲ, ‘ಪೂರಕ ಆಹಾರ’ವೆಂದು ಮಾರಲಾಗುತ್ತದೆ. ನಮ್ಮ ಮಿತಿ ಬಿಗಿಯಾಗಿದೆ ಎಂದು ಸಮಾಧಾನಪಡುವಂತಿಲ್ಲ. ಬೇಕರಿಯ ಫ್ರಿಜ್ಜಿನಲ್ಲಿ ಕೋಲಾದ ಪಕ್ಕದಲ್ಲೇ ಅಗ್ಗದ ಎನರ್ಜಿ ಡ್ರಿಂಕ್‌ಗಳ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ನಿಂತಿವೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ತಕ್ಕುದಲ್ಲವೆಂಬ ಎಚ್ಚರಿಕೆ ಕಾನೂನಿನ ಪ್ರಕಾರ ಬಾಟಲಿಯ ಮೇಲೆ ಇದ್ದೇ ಇರುತ್ತದೆ. ಅದು ಸಣ್ಣ ಅಕ್ಷರಗಳಲ್ಲಿರುತ್ತದೆ. ಅದನ್ನು ಓದುವ ಸಹನೆ ಶಾಲೆ ಬಿಟ್ಟು ಓಡಿ ಬರುವ ಹುಡುಗನಿಗೆ ಎಲ್ಲಿಂದ ಬರಬೇಕು? ಲಿಥುವೇನಿಯಾ 2014ರಲ್ಲಿ, ಲಾಟ್ವಿಯಾ 2016ರಲ್ಲಿ, ಪೋಲೆಂಡ್ 2024ರಲ್ಲಿ 18 ವರ್ಷದೊಳಗಿನವರಿಗೆ ಇಂತಹ ಪಾನೀಯಗಳ ಮಾರಾಟವನ್ನು ನಿಷೇಧಿಸಿದವು. ಇಲ್ಲಿಯೂ ಅಂಥದ್ದೊಂದು ರಾಷ್ಟ್ರವ್ಯಾಪಿ ಕಾನೂನು ಬರಬೇಕೆಂದು ನಾವು ಒತ್ತಾಯಿಸುತ್ತೇವೆ.

ಆದರೆ ಎಲ್ಲವನ್ನೂ ಕಾನೂನಿನ ಹೆಗಲಿಗೇರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಿದ್ದೆಗೆಟ್ಟು ಓದುವುದನ್ನೇ ಬುದ್ಧಿವಂತಿಕೆಯೆಂದು ಮಕ್ಕಳನ್ನು ಹೊಗಳುವವರು ನಾವೇ ಅಲ್ಲವೇ? ಹಗಲೆಲ್ಲ ದುಡಿದ ಚಾಲಕನನ್ನು ರಾತ್ರಿಯೂ ಗಾಡಿ ಹತ್ತಿಸುವ ಮಾಲಿಕರು ನಮ್ಮ ನಡುವೆ ಇಲ್ಲವೇ? ಮಗನ ಕೈಯಲ್ಲಿ ಬಾಟಲಿ ಕಂಡಾಗ ಕಿತ್ತುಕೊಳ್ಳುವ ಮೊದಲು ‘ನಿನ್ನೆ ಎಷ್ಟು ಹೊತ್ತು ಮಲಗಿದೆಯಪ್ಪಾ?’ ಎಂದು ಕೇಳುವ ತಂದೆ, ಚಾಲಕನಿಗೆ ಒಂದು ರಾತ್ರಿಯ ಬಿಡುವು ಕೊಡುವ ಮಾಲಿಕ ಇವರೇ ಈ ವ್ಯಾಪಾರಕ್ಕೆ ನಿಜವಾದ ತಡೆ. ಆಯಾಸವು ರೋಗವಲ್ಲ. ಅದು ದೇಹವು ತನ್ನ ಹಕ್ಕನ್ನು ಕೇಳುವ ದನಿ. ಆ ದನಿಯನ್ನು ಅಡಗಿಸುವ ಮದ್ದನ್ನು ಎಷ್ಟು ಬೇಕಾದರೂ ಕೊಳ್ಳಬಹುದು. ಹಕ್ಕನ್ನು ಮಾತ್ರ ನಿದ್ದೆಯಿಂದಲೇ ಸಲ್ಲಿಸಬೇಕು.