ಗುಜ್ಜೆಗೆ ಹೆಸರಿಲ್ಲದ ಊಟ

ಕನ್ನಡದ ಅಳಿವು ಉಳಿವು ತೀರ್ಮಾನವಾಗುವುದು ತಿರುವನಂತಪುರದಲ್ಲಿ ಎಂದೇ ಕಾಸರಗೋಡಿನ ನಾವು ನಂಬಿಕೊಂಡು ಬಂದಿದ್ದೇವೆ. 1956ರ ನವೆಂಬರ್ 1ರಿಂದ ಇಂದಿನವರೆಗೆ ನಾವು ಬರೆದ ಮನವಿಗಳನ್ನು ಜೋಡಿಸಿಟ್ಟರೆ ಒಂದು ಕೋಣೆ ತುಂಬೀತು. ಅವುಗಳಲ್ಲಿ ಕೆಲವನ್ನು ಬರೆದವನು ನಾನೇ, ಬರೆದುದಕ್ಕೆ ಪಶ್ಚಾತ್ತಾಪವಿಲ್ಲ. ಆದರೆ ಕಳೆದ ಮಾರ್ಚ್ ತಿಂಗಳ ಒಂದು ರಾತ್ರಿ, ಯಾವ ಸರಕಾರವೂ ಕೈಹಾಕದೆ, ನಮ್ಮ ಮನೆಯ ಒಂದು ಪದ ಊಟದ ಮೇಜಿನ ಮೇಲೆ ಸತ್ತುದನ್ನು ಕಣ್ಣಾರೆ ಕಂಡೆ.

ಮನೆಯಾಕೆಗೆ ಎಪ್ಪತ್ತು ತುಂಬಿತ್ತು. ಬೆಂಗಳೂರಿನಿಂದ ಸಂಸಾರ ಸಮೇತ ಬಂದ ಮಗ, ಅಮ್ಮನ ಸಂತೋಷಕ್ಕೆಂದು ನಮ್ಮೆಲ್ಲರನ್ನೂ ಹತ್ತಿರದ ನಗರದ ದುಬಾರಿ ಸ್ಟೀಕ್ ಹೌಸೊಂದಕ್ಕೆ ಕರೆದೊಯ್ದ. ಅದು ಗಡಿಯ ಈಚೆಯೋ ಆಚೆಯೋ ಎಂದು ಹೇಳಲು ಹೋಗುವುದಿಲ್ಲ. ಮಂದ ಬೆಳಕು, ಮರದ ಹಲಗೆಯ ಮೇಲೆ ಬಡಿಸುವ ಪದ್ಧತಿ, ಚರ್ಮದ ಹೊದಿಕೆಯ ತಿಂಡಿಪಟ್ಟಿ. ಪಟ್ಟಿಯುದ್ದಕ್ಕೂ ಇಂಗ್ಲಿಷು. ಎಂಟನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮನೆಯಾಕೆ ಅದನ್ನು ಎರಡು ಸಲ ಮಗುಚಿ ನೋಡಿ ಕವುಚಿ ಇಟ್ಟಳು. ಮೂವತ್ತಮೂರು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಬೆರಳಿಟ್ಟು ತೋರಿಸಿದೆ. ಅಸ್ಸಾಮಿನಿಂದ ದುಡಿಯಲು ಬಂದ ಮಾಣಿ ವಿನಯದಿಂದ ಬರೆದುಕೊಂಡ. ಅವನದೇನೂ ತಪ್ಪಿಲ್ಲ.

ಬಂದದ್ದು ಕಪ್ಪು ಗೆರೆ ಬೀಳುವಂತೆ ಸುಟ್ಟ, ಮೇಲೆ ಗೊಜ್ಜು ಸುರಿದ ಒಂದು ತುಂಡು. ಬೆಲೆ 640 ರೂಪಾಯಿ. ಮನೆಯಾಕೆ ಒಂದು ಚೂರು ಬಾಯಿಗಿಟ್ಟು, "ಇದು ನಮ್ಮ ಗುಜ್ಜೆಯಲ್ಲವೋ?" ಎಂದಳು. ಹತ್ತು ವರ್ಷದ ಮೊಮ್ಮಗಳು ನಕ್ಕಳು: "ಅಲ್ಲ ಅಜ್ಜಿ, ಇದು ಜ್ಯಾಕ್‌ಫ್ರೂಟ್ ಸ್ಟೀಕ್. ಗುಜ್ಜೆ ಎಂದರೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮಾಂಸ ತಿನ್ನುವವರ ಮೇಲೆ ನನ್ನ ಆಕ್ಷೇಪವಿಲ್ಲ. ತುಳು, ಮಲಯಾಳ, ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಮಾತಾಡುವ ಮನೆಗಳು ಬೇಲಿಗೆ ಬೇಲಿ ತಾಗಿಸಿಕೊಂಡಿರುವ ಈ ನೆಲದಲ್ಲಿ ಒಬ್ಬರ ತಟ್ಟೆಗೆ ಇನ್ನೊಬ್ಬರು ಇಣುಕದಿರುವುದೇ ಸಂಸ್ಕೃತಿ. ನನ್ನ ಜಗಳ ಮಾಂಸದೊಡನೆಯೂ ಅಲ್ಲ, ಸುಟ್ಟ ಗುಜ್ಜೆಯೊಡನೆಯೂ ಅಲ್ಲ. ನಮ್ಮದೇ ವಸ್ತುವನ್ನು ಅದರ ಹೆಸರು ಕಳಚಿ ನಮಗೇ ಮಾರುವ, ನಾವು ಹೆಮ್ಮೆಯಿಂದ ಕೊಳ್ಳುವ ರೀತಿಯೊಡನೆ.

ನೆಕ್ರಾಜೆಯ ಹಿತ್ತಿಲುಗಳಲ್ಲಿ ಹಲಸು ಇಂದಿಗೂ ಬಿದ್ದು ಕೊಳೆಯುತ್ತದೆ. ಒಂದು ಕಾಲದಲ್ಲಿ ಮಳೆಗಾಲದ ಹಸಿವನ್ನು ನೀಗಿದ್ದು ಇದೇ ಮರ. ಎಳೆಯದಾದರೆ ಗುಜ್ಜೆ, ಬಲಿತರೆ ಸೊಳೆ, ಭರಣಿಯಲ್ಲಿ ಉಪ್ಪಿಗೆ ಬಿದ್ದರೆ ಉಪ್ಪುಸೊಳೆ, ಬಿಸಿಲಿಗೆ ಬಿದ್ದರೆ ಹಪ್ಪಳ, ಬಾಳೆಲೆಯಲ್ಲಿ ಬೆಂದರೆ ಕೊಟ್ಟಿಗೆ, ಬೀಜ ಬೇಯಿಸಿ ಒಣಗಿಸಿದರೆ ಸಾಂತಾಣಿ. ಗಟ್ಟಿ ತೊಳೆಯದು ಬಕ್ಕೆ, ಮೆತ್ತಗಿನದು ತುಳುವ. ಇಷ್ಟೂ ಪದಗಳನ್ನು 'ಜ್ಯಾಕ್‌ಫ್ರೂಟ್' ಎಂಬ ಒಂದೇ ಮಾತು ನುಂಗಿಹಾಕುತ್ತದೆ. ಆ 'ಜ್ಯಾಕ್' ಆದರೂ ಎಲ್ಲಿಯದು? ನಮ್ಮ ನೆರೆಯ ಮಲಯಾಳದ 'ಚಕ್ಕ' ಪೋರ್ಚುಗೀಸರ ಬಾಯಿಯಲ್ಲಿ ಹೊರಳಿ ಇಂಗ್ಲಿಷಿಗೆ ಹೋದದ್ದು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯಫಲವೆಂದು ಘೋಷಿಸಿತು. ನಮ್ಮದೇ ಜಿಲ್ಲೆಯ ಶ್ರೀ ಪಡ್ರೆಯವರು 'ಅಡಿಕೆ ಪತ್ರಿಕೆ'ಯ ಮೂಲಕ ಹಲಸಿಗೆ ಮಾನ ತರಲು ವರ್ಷಗಟ್ಟಲೆ ಬರೆದರು. ಮಾನ ಬಂತು, ನಾವು ಹೆಸರು ಕಳೆದೆವು.

ಹೊಸತನ್ನು ಸ್ವೀಕರಿಸಬಾರದೇ ಎಂದು ಕಿರಿಯರು ಕೇಳುತ್ತಾರೆ. ಧಾರಾಳವಾಗಿ ಸ್ವೀಕರಿಸೋಣ. ಹಸಿಮೆಣಸು ಅಮೆರಿಕ ಖಂಡದಿಂದ ಬಂದ ಅತಿಥಿ. ನಮ್ಮ ಹಿರಿಯರು ಅದಕ್ಕೆ ಮನೆಯ ಹೆಸರನ್ನೇ ಕೊಟ್ಟು, ಮೊದಲಿದ್ದುದನ್ನು ಒಳ್ಳೆಮೆಣಸು ಎಂದು ಕರೆದರು. ಬಟಾಟೆ ಪರದೇಶದ ಹೆಸರನ್ನು ಹೊತ್ತೇ ಬಂದು ನಮ್ಮ ಮಾತಾಯಿತು. ಬಂದುದಕ್ಕೆ ನಮ್ಮಲ್ಲಿ ಸ್ಥಾನವಿತ್ತು. ಈಗ ಇದ್ದುದಕ್ಕೇ ಸ್ಥಾನವಿಲ್ಲ.

ಇಂಗ್ಲಿಷ್ ಹೆಸರಿಲ್ಲದೆ ವ್ಯಾಪಾರ ನಡೆಯದು ಎಂಬುದು ಇನ್ನೊಂದು ವಾದ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ಕರಾವಳಿಯವರೇ. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದಾಗ ಹೋಟೆಲಿಗೆ ಇಂಗ್ಲಿಷ್ ಹೆಸರಿಟ್ಟರು, ದೋಸೆಗೆ ಇಡಲಿಲ್ಲ. ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಎಂ.ಟಿ.ಆರ್., ಎರಡನೆಯ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಹೊಸ ತಿಂಡಿಯೊಂದನ್ನು ರೂಪಿಸಿ ರವೆ ಇಡ್ಲಿ ಎಂದೇ ಕರೆಯಿತು. ಮುಂಬಯಿಯ ಗುಜರಾತಿ ಸೇಠನೂ ದಿಲ್ಲಿಯ ಪಂಜಾಬಿಯೂ ಮಸಾಲೆ ದೋಸೆ ಎನ್ನಲು ಕಲಿತರು. ಅಡುಗೆ ರುಚಿಯಾಗಿದ್ದರೆ ಗಿರಾಕಿ ಹೆಸರನ್ನೂ ಕಲಿಯುತ್ತಾನೆ. ಅಂಥವರ ವಾರಸುದಾರರಾದ ನಾವು ಗುಜ್ಜೆ ಎನ್ನಲು ನಾಚುತ್ತಿದ್ದೇವೆ.

ಕೇರಳದ 1969ರ ಆಡಳಿತ ಭಾಷಾ ಕಾನೂನು ನಮ್ಮಂಥ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿಗಾಗಿ ಕಚೇರಿಯ ಮೆಟ್ಟಿಲಲ್ಲಿ ನಿಂತು ವಾದಿಸುವ ನಾವು, ಕೈಯಾರೆ ಹಣ ಕೊಡುವಲ್ಲಿ ಬಾಯಿ ಮುಚ್ಚಿಕೊಳ್ಳುತ್ತೇವೆ. ಅಧಿಕಾರಿಯ ಮುಂದೆ ನಾವು ಅರ್ಜಿದಾರರು, ಹೋಟೆಲಿನಲ್ಲಿ ಯಜಮಾನರು. ಯಜಮಾನಿಕೆ ಇರುವಲ್ಲಿಯೇ ಕೇಳದವನು ಅರ್ಜಿ ಕೊಟ್ಟು ಗಳಿಸುವುದೇನು? ಆ ರಾತ್ರಿ "ಕನ್ನಡದ ಪಟ್ಟಿ ಇದೆಯೇ?" ಎಂಬ ಒಂದೇ ಪ್ರಶ್ನೆಯನ್ನು ನಾನು ಕೇಳಬಹುದಿತ್ತು. ಕೇಳದಿರಲು ಕಾರಣ ಭಯವಲ್ಲ. ಮಗನಿಗೆ ಮುಜುಗರವಾದೀತೆಂಬ ಸಂಕೋಚ. ಆ ಸಂಕೋಚವನ್ನು ನನ್ನ ಮೊಮ್ಮಗಳು ನೋಡಿ ಕಲಿತಳು.

ಆದುದರಿಂದ ಸಂಘದ ಸದಸ್ಯರಲ್ಲಿ ಮೂರು ವಿನಂತಿಗಳು. ಹೊರಗೆ ಊಟಕ್ಕೆ ಹೋದಲ್ಲೆಲ್ಲ ಕನ್ನಡದ ಪಟ್ಟಿಯನ್ನು ಕೇಳಿರಿ. ಇಲ್ಲವೆಂದರೂ ಮುಂದಿನ ಸಲ ಮತ್ತೆ ಕೇಳಿರಿ. ಸಂಘವು ಊರಿನ ಹೋಟೆಲುಗಳಿಗೆ ತಿಂಡಿಪಟ್ಟಿಯನ್ನು ಉಚಿತವಾಗಿ ಕನ್ನಡದಲ್ಲಿ ಬರೆದುಕೊಡಲಿ. ಬರೆಯಲು ನಾನು ಸಿದ್ಧ, ಕೈಬರಹ ಇನ್ನೂ ಕೆಟ್ಟಿಲ್ಲ. ಮೂರನೆಯದು, ಮಕ್ಕಳ ತಟ್ಟೆಗೆ ಬಡಿಸುವಾಗ ಪದವನ್ನೂ ಬಡಿಸಿರಿ.

ಮೇ ತಿಂಗಳ ರಜೆಗೆ ಬಂದ ಮೊಮ್ಮಗಳು ಕೈಗೆ ಎಣ್ಣೆ ಸವರಿಕೊಂಡು ಅಜ್ಜಿಯ ಪಕ್ಕದಲ್ಲಿ ಸೊಳೆ ಬಿಡಿಸಲು ಕುಳಿತಳು. ಸಂಜೆ ಪುಸ್ತಕದಲ್ಲಿ ಹನ್ನೊಂದು ಪದ ಬರೆದಿದ್ದಳು, ಎರಡು ಕಾಗುಣಿತ ತಪ್ಪಿತ್ತು. ತಿದ್ದಿ ಕೊಟ್ಟೆ. ನಿವೃತ್ತಿಯ ಬಳಿಕ ನಾನು ಕೆಂಪು ಶಾಯಿ ಮುಟ್ಟಿದ್ದು ಅದೇ ಮೊದಲು. ಈ ಸಾಹಿತ್ಯ ಸಮ್ಮೇಳನದ ಮಧ್ಯಾಹ್ನದ ಊಟದಲ್ಲಿ ಗುಜ್ಜೆ ಪಲ್ಯ ಬಂದರೆ, ಬಡಿಸುವವರು ಅದರ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡೇ ಬಡಿಸಲಿ.