‘ಅವಾಚ್ಯ’ವೆಂಬ ಅಡಗುದಾಣ

ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ವಾಕ್ಯವಿದೆ: ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು.’ ಕುಡಿದ ಗಂಡ ಹೆಂಡತಿಯನ್ನು ಬೈದರೂ ಇದೇ ವಾಕ್ಯ. ಜಮೀನಿನ ಒಡೆಯ ಕೂಲಿಯವನನ್ನು ಬೈದರೂ ಇದೇ. ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರಿಗೂ ಪ್ರಯಾಣಿಕನಿಗೂ ಮಾತು ಬೆಳೆದರೂ ಇದೇ. ಜನರ ಮತ ಪಡೆದು ಗದ್ದುಗೆ ಏರಿದವರು ಅರ್ಜಿ ಹಿಡಿದು ಬಂದ ಹೆಂಗಸನ್ನು ಬೈದರೂ ಇದೇ. ‘ಅವಾಚ್ಯ’ವೆಂದರೆ ನುಡಿಯಬಾರದ್ದು ಎಂದರ್ಥ. ಆದರೆ ಇಲ್ಲಿ ನುಡಿದದ್ದಾಗಿದೆ. ನುಡಿದವರಿದ್ದಾರೆ, ಕೇಳಿದವರಿದ್ದಾರೆ, ವರದಿಗಾರನ ಪುಸ್ತಕದಲ್ಲಿ ಅದು ಬರೆದೂ ಇದೆ. ಅದನ್ನು ಅರಿಯದೆ ಉಳಿದವನು ಒಬ್ಬನೇ: ಕಾಸು ಕೊಟ್ಟು ಪತ್ರಿಕೆ ಕೊಂಡ ವಾಚಕ.

ಈ ಏರ್ಪಾಟಿನಿಂದ ಲಾಭ ಯಾರಿಗೆ? ವಾಚಕನ ಕಿವಿಯನ್ನು ಕಾಪಾಡುತ್ತಿದ್ದೇವೆ ಎನ್ನುತ್ತಾರೆ ಸಂಪಾದಕರು. ಬಲವುಳ್ಳವರು ಹೊಲಸಾಗಿ ಮಾತಾಡಿದಾಗಲಂತೂ ಅವರು ಕಾಪಾಡುತ್ತಿರುವುದು ಆಡಿದವರ ಮಾನವನ್ನು ಎಂಬುದೇ ನನ್ನ ವಾದ.

ಸಂಪಾದಕರ ಪಕ್ಷದಲ್ಲಿ ಹೇಳಬೇಕಾದುದನ್ನು ಮೊದಲು ಹೇಳಿಬಿಡೋಣ. ಪತ್ರಿಕೆ ಮನೆಯೊಳಕ್ಕೆ ಬರುವ ವಸ್ತು. ಅಜ್ಜ ಓದಿ ಮುಗಿಸಿದ ಹಾಳೆಯನ್ನೇ ಮೊಮ್ಮಗಳು ಎತ್ತಿಕೊಳ್ಳುತ್ತಾಳೆ. ಸಂತೆಯಲ್ಲಿ ಕಿವಿಗೆ ಬಿದ್ದ ಮಾತು ಗಾಳಿಯಲ್ಲಿ ಹೋಗುತ್ತದೆ, ಅಚ್ಚಾದದ್ದು ನಿಲ್ಲುತ್ತದೆ. ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳೂ ಅಶ್ಲೀಲವಾದುದನ್ನು, ಅಸಭ್ಯವಾದುದನ್ನು, ಸಾರ್ವಜನಿಕ ಸದಭಿರುಚಿಗೆ ವಿರುದ್ಧವಾದುದನ್ನು ಪ್ರಕಟಿಸಬಾರದೆಂದು ವಿಧಿಸುತ್ತವೆ. ಇವೆಲ್ಲ ತೂಕವುಳ್ಳ ಮಾತುಗಳೇ ಸರಿ. ಆದರೆ ಅದೇ ನಿಯಮಾವಳಿಯ ಮೊದಲ ನಿಯಮವೇ ನಿಖರತೆಯನ್ನು ಕುರಿತದ್ದು. ಸದಭಿರುಚಿಗೂ ನಿಖರತೆಗೂ ಜಗಳ ಹತ್ತಿದಾಗ ಪ್ರತಿ ಸಲವೂ ನಿಖರತೆಯೇ ಏಕೆ ಸೋಲಬೇಕು?

ಸೋತರೆ ಏನಾಗುತ್ತದೆಂಬುದಕ್ಕೆ 1976ರಲ್ಲಿ ಅಮೆರಿಕದಲ್ಲಿ ನಡೆದ ಸಂಗತಿಯೊಂದು ಸಾಕ್ಷಿ. ಆಗ ಅಧ್ಯಕ್ಷ ಫೋರ್ಡ್ ಅವರ ಸಂಪುಟದಲ್ಲಿ ಅರ್ಲ್ ಬಟ್ಜ್ ಎಂಬವರು ಕೃಷಿ ಮಂತ್ರಿಗಳು. ರಿಪಬ್ಲಿಕನ್ ಪಕ್ಷದ ಅಧಿವೇಶನ ಮುಗಿಸಿ ವಿಮಾನದಲ್ಲಿ ಹೊರಟಾಗ, ಕಪ್ಪು ಜನಾಂಗದವರು ನಿಮ್ಮ ಪಕ್ಷದ ಕಡೆಗೆ ಏಕೆ ಒಲಿಯುವುದಿಲ್ಲವೆಂಬ ಮಾತು ಬಂತು. ಅದಕ್ಕೆ ಮಂತ್ರಿಗಳು ಕೊಟ್ಟ ಉತ್ತರ ಒಂದು ಹಾಸ್ಯ. ಕರಿಯರಿಗೆ ಬೇಕಾದುದು ಮೂರೇ ಮೂರು: ಸಂಭೋಗ, ಸಡಿಲವಾದ ಜೋಡು, ಹೇಲಲು ಬೆಚ್ಚನೆಯ ಜಾಗ. ಮೊದಲನೆಯದಕ್ಕೆ ಅವರು ಬಳಸಿದ್ದು ಹೆಣ್ಣಿನ ಗುಪ್ತಾಂಗದ ಬೀದಿಮಾತು. ಜೊತೆಯಲ್ಲಿದ್ದ ಜಾನ್ ಡೀನ್ ಎಂಬವರು ಮಂತ್ರಿಯ ಹೆಸರು ಹೇಳದೆ ಇದನ್ನು ಒಂದು ನಿಯತಕಾಲಿಕದಲ್ಲಿ ಬರೆದರು. ಆಡಿದವರು ಯಾರೆಂಬುದನ್ನು ಮತ್ತೊಂದು ಪತ್ರಿಕೆ ಪತ್ತೆಮಾಡಿತು. ಅಕ್ಟೋಬರ್ 4ರಂದು ಬಟ್ಜ್ ರಾಜೀನಾಮೆ ಕೊಟ್ಟರು.

ಇಷ್ಟು ದೊಡ್ಡ ಸುದ್ದಿಯ ತಿರುಳಾದ ಆ ಮಾತನ್ನು ಆಡಿದ್ದು ಆಡಿದಂತೆಯೇ ಅಚ್ಚು ಹಾಕಿದ ದಿನಪತ್ರಿಕೆಗಳು ಎರಡೇ, ಮ್ಯಾಡಿಸನ್ ನಗರದ ‘ಕ್ಯಾಪಿಟಲ್ ಟೈಮ್ಸ್’ ಮತ್ತು ಟೊಲಿಡೊ ನಗರದ ‘ಬ್ಲೇಡ್’. ಮಿಕ್ಕವು ಅದನ್ನು ಸಭ್ಯ ಭಾಷೆಗೆ ತಿರುಗಿಸಿದವು, ಇಲ್ಲವೆ ‘ಅಶ್ಲೀಲವಾದ ಜನಾಂಗೀಯ ಹಾಸ್ಯ’ ಎಂಬಂಥ ಮಾತಿನಲ್ಲಿ ಮುಗಿಸಿದವು. ಟೆಕ್ಸಸ್‌ನ ಲಬಕ್ ಊರಿನ ಪತ್ರಿಕೆಯೊಂದು, ಮೂಲ ಮಾತು ಬೇಕಾದವರು ಕಚೇರಿಗೆ ಬಂದು ಓದಿಕೊಳ್ಳಬಹುದೆಂದು ಪ್ರಕಟಿಸಿತು. ಇನ್ನೂರಕ್ಕೂ ಹೆಚ್ಚು ಮಂದಿ ಬಂದರು. ಸ್ಯಾನ್ ಡಿಯೇಗೊದ ಪತ್ರಿಕೆಯೊಂದು ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತೇವೆಂದಿತು. ಮೂರು ಸಾವಿರಕ್ಕೂ ಹೆಚ್ಚು ಕೋರಿಕೆಗಳು ಬಂದವು. ಇವರೆಲ್ಲ ಹೊಲಸಿಗೆ ಬಾಯಿ ಬಿಟ್ಟವರೆಂದು ನಾವು ಮೂಗು ಮುರಿಯಬೇಕೆ? ತಮ್ಮ ತೆರಿಗೆಯ ಹಣದಲ್ಲಿ ಸಂಬಳ ಪಡೆಯುತ್ತಿದ್ದ ಮಂತ್ರಿ ಏಕೆ ಹೋದರೆಂದು ತಿಳಿಯುವ ಹಕ್ಕು ಅವರಿಗಿತ್ತು. ಆ ಹಕ್ಕನ್ನು ಪಡೆಯಲು ಅವರು ಕಚೇರಿಯ ಬಾಗಿಲಿಗೆ ಹೋಗಬೇಕಾಯಿತು.

ಸಭ್ಯ ಭಾಷೆಗೆ ತಿರುಗಿಸಿದರೆ ತಪ್ಪೇನು ಎನ್ನುವವರುಂಟು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ಇದೇ ದೊಡ್ಡ ತಪ್ಪಾಗಿ ಕಾಣುತ್ತದೆ. ಮಾತನ್ನು ತೊಳೆದು ಇಟ್ಟರೆ ಅದರೊಳಗಿನ ತಿರಸ್ಕಾರವೂ ತೊಳೆದುಹೋಗುತ್ತದೆ. ಬಟ್ಜ್ ಅವರ ಹಾಸ್ಯವನ್ನು ‘ಕಾಮಸುಖ, ಹಗುರವಾದ ಪಾದರಕ್ಷೆ, ಬೆಚ್ಚನೆಯ ಶೌಚಗೃಹ’ ಎಂದು ಬರೆದು ನೋಡಿ. ಪಾಪ, ಇಷ್ಟು ಅಂದದ್ದಕ್ಕೆ ಮುದುಕರ ಕೆಲಸ ಹೋಯಿತೆ ಎಂದು ಓದುವವನು ಮರುಗಿದರೂ ಆಶ್ಚರ್ಯವಿಲ್ಲ. ತಪ್ಪು ಮಾಡಿದವರ ಪರವಾಗಿ ಅನುಕಂಪ ಹುಟ್ಟಿಸುವ ಕೆಲಸವನ್ನು ಸಂಪಾದಕರೇ ಸಂಬಳವಿಲ್ಲದೆ ಮಾಡಿಕೊಟ್ಟಂತಾಯಿತು.

ಮುಂದೆ ನಲವತ್ತೊಂದು ವರ್ಷ ಕಳೆದ ಮೇಲೆ ಅದೇ ದೇಶದಲ್ಲಿ ಅದೇ ಪ್ರಶ್ನೆ ಇನ್ನೂ ದೊಡ್ಡ ಗದ್ದುಗೆಯಿಂದ ಎದ್ದಿತು. 2018ರ ಜನವರಿ 11ರಂದು ವಲಸೆಯ ವಿಷಯವಾಗಿ ನಡೆದ ಸಭೆಯಲ್ಲಿ ಅಧ್ಯಕ್ಷ ಟ್ರಂಪ್ ಅವರು ಹೈಟಿ ಮತ್ತು ಆಫ್ರಿಕದ ದೇಶಗಳನ್ನು ಕುರಿತು ‘ಶಿಟ್‌ಹೋಲ್’ ದೇಶಗಳೆಂದರೆಂದು ‘ವಾಷಿಂಗ್ಟನ್ ಪೋಸ್ಟ್’ ವರದಿ ಮಾಡಿತು. ಪದವನ್ನು ತಲೆಬರಹದಲ್ಲಿಯೇ ಇಟ್ಟಿತು. ‘ನ್ಯೂಯಾರ್ಕ್ ಟೈಮ್ಸ್’ ತಲೆಬರಹದಲ್ಲಿ ಅದನ್ನು ಬಿಟ್ಟು ವರದಿಯ ಒಳಗೆ ಕೊಟ್ಟಿತು. ಮಾರನೆಯ ದಿನ ಅಧ್ಯಕ್ಷರು, ತಾವು ಬಳಸಿದ ಭಾಷೆ ಅದಲ್ಲವೆಂದರು. ಸಭೆಯಲ್ಲಿದ್ದ ಸೆನೆಟ್ ಸದಸ್ಯ ಡಿಕ್ ಡರ್ಬಿನ್ ಅವರು, ಆಡಿದ್ದು ನಿಜವೆಂದು ಬಹಿರಂಗವಾಗಿ ಹೇಳಿದರು. ಇಲ್ಲಿ ಗಮನಿಸಬೇಕಾದದ್ದು ಇದು: ಪದ ಅಚ್ಚಾಗಿದ್ದುದರಿಂದಲೇ ಆಡಿದಿರೋ ಇಲ್ಲವೋ ಎಂದು ಕೇಳಲು ಸಾಧ್ಯವಾಯಿತು. ‘ಅಧ್ಯಕ್ಷರು ಅವಾಚ್ಯವಾಗಿ ಮಾತಾಡಿದರು’ ಎಂದಷ್ಟೇ ಬರೆದಿದ್ದರೆ ನಿರಾಕರಿಸುವ ಶ್ರಮವೂ ಅವರಿಗೆ ಬೇಕಾಗುತ್ತಿರಲಿಲ್ಲ.

ಆ ಪದ ಲೋಕದ ಭಾಷೆಗಳಿಗೆಲ್ಲ ಹೋಗಬೇಕಾಯಿತು. ತೈವಾನಿನ ಸುದ್ದಿಸಂಸ್ಥೆ ಅದನ್ನು ‘ಹಕ್ಕಿ ಮೊಟ್ಟೆಯಿಡದ ದೇಶಗಳು’ ಎಂದು ಅನುವಾದಿಸಿತು. ಬರಡು ಸೀಮೆಗೆ ಚೀನೀ ಭಾಷೆಯಲ್ಲಿ ಇರುವ ನುಡಿಗಟ್ಟು ಅದು. ಚೆಲುವಾಗಿದೆ, ಆದರೆ ಸುಳ್ಳಾಗಿದೆ. ಬರಡು ಎಂದರೆ ನೆಲದ ದೋಷ. ಅಲ್ಲಿ ಹೇಳಿದ್ದು ಜನರ ಮೇಲಿನ ಹೇಸಿಗೆ. ಕನ್ನಡದ ಉಪಸಂಪಾದಕನ ಮುಂದೆ ಇಂಥ ಸುದ್ದಿ ಬಂದರೆ ಅವನ ಕೈಗೆ ಸಿಗುವ ಪದಗಳನ್ನು ಎಣಿಸೋಣ. ‘ಹಿಂದುಳಿದ ದೇಶಗಳು’ ಎಂದರೆ ಅದು ವಿಶ್ವಸಂಸ್ಥೆಯ ವರದಿಯ ಭಾಷೆಯಾಯಿತು. ‘ಕೊಳಕು ದೇಶಗಳು’ ಎಂದರೆ ಅರ್ಧ ನಿಜ. ‘ಹೇಲುಗುಂಡಿ’ ಎಂದರೆ ಮಾತ್ರ ಆಡಿದ ಮಾತು ಕನ್ನಡದಲ್ಲಿ ಆಡಿದಂತಾಗುತ್ತದೆ. ಆ ಪದ ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ. ಅದನ್ನು ಬರೆಯಲು ಕೈ ನಡುಗುವುದಾದರೆ, ಆ ನಡುಕ ನಮ್ಮ ಪೇಟೆಯ ಮಡಿವಂತಿಕೆಯದೇ ಹೊರತು ಕನ್ನಡದ್ದಲ್ಲ.

ಇಷ್ಟಾದರೂ ಹೊಲಸು ಇರುವುದು ಪದದಲ್ಲಿಯೇ ಎಂದು ಸಂಪಾದಕರು ನಂಬಿರುವುದು ಇನ್ನೊಂದು ವಿಪರೀತಕ್ಕೆ ಎಡೆಮಾಡಿದೆ. 2021ರ ಡಿಸೆಂಬರ್ 16ರಂದು ಬೆಳಗಾವಿಯ ಅಧಿವೇಶನದಲ್ಲಿ ಮಾಜಿ ಸಭಾಧ್ಯಕ್ಷರಾದ ಕೆ. ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪದೆಂದಾಗ ಮಲಗಿ ಸುಖಪಡಬೇಕೆಂಬ ಅರ್ಥದ ಹಳೆಯ ಇಂಗ್ಲಿಷ್ ನುಡಿಯೊಂದನ್ನು ಉದ್ಧರಿಸಿದರು. ಸದನದಲ್ಲಿ ನಗು ಕೇಳಿಸಿತು. ಆ ವಾಕ್ಯವನ್ನು ಬಿಡಿಸಿ ನೋಡಿ: ಅದರಲ್ಲಿ ಒಂದಾದರೂ ‘ಅವಾಚ್ಯ’ ಪದವಿಲ್ಲ. ಉಪಸಂಪಾದಕನ ಯಾವ ಜರಡಿಯಲ್ಲೂ ಅದು ಸಿಕ್ಕಿಬೀಳುವುದಿಲ್ಲ. ಆದರೂ ಒಬ್ಬ ಹೆಣ್ಣುಮಗಳ ಮೇಲೆ ಮಾಡಬಹುದಾದ ಅತಿ ದೊಡ್ಡ ಅವಮಾನ ಅದರಲ್ಲಿದೆ. ಪುಣ್ಯಕ್ಕೆ ಆ ಮಾತು ದೇಶದ ಪತ್ರಿಕೆಗಳಲ್ಲಿ ಇದ್ದಂತೆಯೇ ಬಂತು, ಜನ ಸಿಟ್ಟಾದರು, ಮಾರನೆಯ ದಿನ ಅವರು ಸದನದಲ್ಲಿ ಕ್ಷಮೆ ಕೇಳಿದರು. ‘ಮಹಿಳೆಯರ ಬಗೆಗೆ ಆಕ್ಷೇಪಾರ್ಹ ಹೇಳಿಕೆ’ ಎಂದು ಬರೆದು ಕೈತೊಳೆದುಕೊಂಡಿದ್ದರೆ ಆ ಕ್ಷಮೆ ಇಷ್ಟು ಬೇಗ ಬರುತ್ತಿತ್ತೆ? ನನಗೆ ಸಂದೇಹ.

ಹಾಗಾದರೆ ಎಲ್ಲ ಬೈಗುಳವನ್ನೂ ಅಚ್ಚು ಹಾಕಿಬಿಡಿ ಎಂದು ನಾನು ಹೇಳುತ್ತಿಲ್ಲ. ದಲಿತ ಹೆಣ್ಣುಮಗಳೊಬ್ಬಳನ್ನು ಊರ ನಡುವೆ ಜಾತಿಯ ಹೆಸರು ಹಿಡಿದು ಬೈದರೆನ್ನಿ. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಅದು ಅಪರಾಧ. ಆ ಮಾತನ್ನು ಪತ್ರಿಕೆ ಮತ್ತೆ ಅಚ್ಚು ಹಾಕಿದರೆ, ಊರ ನಡುವೆ ಒಮ್ಮೆ ಬಿದ್ದ ಏಟು ಜಿಲ್ಲೆಯ ನಡುವೆ ಮತ್ತೊಮ್ಮೆ ಬೀಳುತ್ತದೆ. ಅದೇ ಜಾತಿಯ ಸಾವಿರಾರು ಓದುಗರ ಬೆನ್ನಿಗೂ ಬೀಳುತ್ತದೆ. ಇಲ್ಲಿ ಬೈದವನು ಜಗತ್ತಿಗೆ ಉತ್ತರ ಹೇಳಬೇಕಾದ ಮಂತ್ರಿಯಲ್ಲ, ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾದ ಆರೋಪಿ. ಆದ್ದರಿಂದ ಇಲ್ಲಿ ನಿರ್ಧರಿಸುವ ಅಧಿಕಾರ ಸಂಪಾದಕರದೂ ಅಲ್ಲ, ನನ್ನದೂ ಅಲ್ಲ, ಬೈಸಿಕೊಂಡವಳದು. ಅಚ್ಚಾಗಲಿ, ಲೋಕ ತಿಳಿಯಲಿ ಎಂದು ಆಕೆ ಹೇಳಿದರೆ ಅಚ್ಚಾಗಬೇಕು. ಬೇಡವೆಂದರೆ ಬೇಡ. ಆಗಲೂ ‘ಅವಾಚ್ಯ’ವೆಂಬ ಒಂದೇ ಕಂಬಳಿ ಹೊದಿಸಬಾರದು. ಜಾತಿ ಎತ್ತಿ ಬೈದರೋ, ಮೈ ಎತ್ತಿ ಬೈದರೋ, ಹೆತ್ತ ತಾಯಿಯನ್ನು ಎಳೆದು ಬೈದರೋ ಎಂಬಷ್ಟನ್ನಾದರೂ ಬರೆಯಬೇಕು.

ಇನ್ನೊಂದು ಆಕ್ಷೇಪಣೆ ನಿಜಕ್ಕೂ ಗಟ್ಟಿಯಾದುದು. ಕೆಲವು ರಾಜಕಾರಣಿಗಳು ಅಚ್ಚಾಗಲೆಂದೇ ಹೊಲಸು ಮಾತಾಡುತ್ತಾರೆ. ಅಚ್ಚು ಹಾಕಿದರೆ ಅವರ ಕೆಲಸವನ್ನೇ ಮಾಡಿಕೊಟ್ಟಂತೆ. ಒಪ್ಪೋಣ. ಆದರೆ ಅವರಿಗೆ ಬೇಕಾದುದು ದಪ್ಪ ತಲೆಬರಹ, ದಿನಕ್ಕೊಂದರಂತೆ ಒಂದು ವಾರ. ವರದಿಯ ಒಡಲಲ್ಲಿ ಒಂದೇ ಒಂದು ಸಲ, ಯಾರು, ಯಾರಿಗೆ, ಯಾವ ಮಾತಿಗೆ ಉತ್ತರವಾಗಿ ಆಡಿದರೆಂಬುದರ ಜೊತೆಯಲ್ಲಿ, ಇದ್ದಂತೆ ಬಂದ ಮಾತು ಅವರಿಗೆ ಹೆಮ್ಮೆ ತರುವುದಿಲ್ಲ. ಈಗ ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಮೊದಲಕ್ಷರ ಕೊಟ್ಟು ಮುಂದೆ ಮೂರು ಚುಕ್ಕಿ ಇಟ್ಟು ಅದನ್ನು ತಲೆಬರಹದಲ್ಲಿ ತೂಗುಹಾಕುತ್ತಾರೆ. ಚುಕ್ಕಿಗಳನ್ನು ತುಂಬಿಕೊಳ್ಳುವ ಕೆಲಸ ನಮ್ಮದು. ನಮ್ಮ ಬಾಯಿಂದಲೇ ಆ ಮಾತು ಆಡಿಸಿ, ತಾವು ಮಾತ್ರ ಮಡಿಯಲ್ಲಿ ನಿಲ್ಲುತ್ತಾರೆ. ಇದು ಸದಭಿರುಚಿಯಲ್ಲ, ವ್ಯಾಪಾರ.

ನಮ್ಮ ಹಿರಿಯರಿಗೆ ಈ ಅಂಜಿಕೆ ಇರಲಿಲ್ಲ. ಕೌರವರ ಸಭೆಯಲ್ಲಿ ಕರ್ಣನು ದ್ರೌಪದಿಯನ್ನು ವೇಶ್ಯೆಯೆಂದು ಕರೆದನು. ದುರ್ಯೋಧನನು ತೊಡೆ ತೋರಿಸಿದನು. ‘ಸಭೆಯಲ್ಲಿ ಕೆಲವರು ಅನುಚಿತವಾಗಿ ವರ್ತಿಸಿದರು’ ಎಂದು ಬರೆದು ವ್ಯಾಸರು ಮುಂದೆ ಸಾಗಿದ್ದರೆ ಭೀಮನ ಪ್ರತಿಜ್ಞೆಗೆ ಅರ್ಥವಿರುತ್ತಿತ್ತೆ? ಆ ಮಾತು, ಆ ಸನ್ನೆ ಗ್ರಂಥದಲ್ಲಿ ಇದ್ದಂತೆ ಉಳಿದವು. ಆದ್ದರಿಂದಲೇ ಶತಮಾನಗಳು ಉರುಳಿದರೂ ಆ ಅಪರಾಧ ಯಾರದೆಂಬುದರಲ್ಲಿ ನಮಗೆ ಗೊಂದಲವಿಲ್ಲ.

ಸಂಪಾದಕ ಮಹಾಶಯರಲ್ಲಿ ನಾನು ಕೇಳುವುದು ಧೈರ್ಯವನ್ನಲ್ಲ, ತಾರತಮ್ಯ ಜ್ಞಾನವನ್ನು. ಮಾತೇ ಸುದ್ದಿಯೆ? ಆಡಿದವರು ಜನಕ್ಕೆ ಉತ್ತರ ಹೇಳಬೇಕಾದವರೆ? ಮಾತಿನ ಪೆಟ್ಟು ತಿಂದವರ ಇಚ್ಛೆಯೇನು? ಈ ಮೂರನ್ನು ಕೇಳಿಕೊಂಡು, ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಿರಿ. ಬೀದಿಯ ಬಡವನ ಬೈಗುಳವನ್ನೂ ಗದ್ದುಗೆಯವರ ಬೈಗುಳವನ್ನೂ ಒಂದೇ ಮುಚ್ಚಳದಿಂದ ಮುಚ್ಚುವುದು ಸಮಾನತೆಯಲ್ಲ. ನಮ್ಮ ಮತ ಕೇಳಿ ಬಂದವರು ಸಿಟ್ಟಿನಲ್ಲಿ ಏನಂದರೆಂಬುದು ನಮಗೆ ತಿಳಿಯಬೇಕು. ಮುಂದಿನ ಸಲ ಅವರು ಕೈಮುಗಿದು ಬಾಗಿಲಿಗೆ ಬಂದಾಗ ನೆನಪಿಟ್ಟುಕೊಳ್ಳಲು ನಮ್ಮ ಬಳಿ ಇರುವುದು ಆ ಮಾತೊಂದೇ.